ಡಬ್ಬಾ ಟಿವಿ, ನಗುವ ನಾಯಿ, ಮೇಲೆ ಮಲಗಿದ ಬೆಕ್ಕು

ಭಾನುವಾರ ಮಧ್ಯಾಹ್ನ. ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿದೆ. ಅದರ ಮೇಲೆ 90ರ ದಶಕದ ಟಿವಿ ಗೇಮೊಂದು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದೆ. ಬಿಚ್ಚಿದ ಸ್ಕ್ರೂಗಳು ಬಾಟಲಿ ಮುಚ್ಚಳದಲ್ಲಿ, ಸೋಲ್ಡರಿಂಗ್ ಐರನ್ ಸ್ಟ್ಯಾಂಡಿನಲ್ಲಿ. ಮೂಲೆಯಲ್ಲಿ 14 ಇಂಚಿನ ಡಬ್ಬಾ ಟಿವಿ. ಅದರ ನೆತ್ತಿಯ ಮೇಲೆ ಮನೆಯ ಬೆಕ್ಕು ಕಾಲು ಮಡಚಿಕೊಂಡು ಕೂತಿದೆ. ಬಾಲ ಮಾತ್ರ ಪರದೆಯ ಮೇಲೆ ಇಳಿಬಿದ್ದು ಅತ್ತಿತ್ತ ಆಡುತ್ತಿದೆ. ಮನೆಮಂದಿಯದು ಒಂದೇ ಪ್ರಶ್ನೆ: 'ಇದೇ ಆಟ ಮೊಬೈಲಲ್ಲೂ ಬರುತ್ತಲ್ಲ, ಈ ಗುಜರಿ ಯಾಕೆ?'

ಪ್ರಶ್ನೆ ನ್ಯಾಯವಾದದ್ದೇ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟದ ಒಟ್ಟು ಗಾತ್ರ 40 ಕಿಲೋಬೈಟ್. ಬೆಳಗೆದ್ದರೆ ವಾಟ್ಸ್‌ಆ್ಯಪ್‌ಗೆ ಬಂದು ಬೀಳುವ ಶುಭೋದಯದ ಚಿತ್ರ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟು ಪುಟ್ಟ ಫೈಲನ್ನು ಉಳಿಸಿಕೊಳ್ಳುವುದು ಏನೇನೂ ಕಷ್ಟವಿಲ್ಲ. ಕಷ್ಟ ಇರುವುದು ಅದನ್ನು ಆಡುತ್ತಿದ್ದ ಪರಿಯನ್ನು ಉಳಿಸಿಕೊಳ್ಳುವುದರಲ್ಲಿ. ಆ ಟಿವಿ, ಆ ಗನ್ನು, ಆ ಗುಂಡಿಯ ಬಿಗಿ, ಪಕ್ಕದಲ್ಲಿ ಕೂತು ಜಗಳವಾಡುವ ಇನ್ನೊಬ್ಬರು, ಇವು ಯಾವ ಫೈಲಿನಲ್ಲೂ ಇರುವುದಿಲ್ಲ. ರೆಟ್ರೋ ಗೇಮಿಂಗ್ ಹವ್ಯಾಸಿಗಳ ಭಾನುವಾರಗಳೆಲ್ಲ ಖರ್ಚಾಗುವುದು ಇದಕ್ಕೇ. ಈ ಕೆಲಸ ನಡೆಯುವುದು ವಾಸದ ಮನೆಯಲ್ಲಾದ್ದರಿಂದ ಅಲ್ಲಿನ ನಾಯಿ, ಬೆಕ್ಕುಗಳಿಗೂ ಅದರಲ್ಲಿ ಪಾಲಿದೆ.

ನಮ್ಮ ಮನೆಗೆ ಬಂದದ್ದು ನಕಲು

ಜಪಾನಿನ ನಿಂಟೆಂಡೊ ಕಂಪನಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಕೆಂಪು-ಬಿಳಿ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟದ್ದು 1983ರ ಜುಲೈ 15ರಂದು. ಜನ ಅದನ್ನು ಫ್ಯಾಮಿಕಾಮ್ ಎಂದು ಕರೆದರು. 1985ರಲ್ಲಿ ಅದೇ ಯಂತ್ರ ಬೇರೆ ರೂಪದಲ್ಲಿ, ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು.

90ರ ದಶಕದಲ್ಲಿ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದ ಊರೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳವರೆಗೆ 'ಟಿವಿ ಗೇಮ್' ಎಂದು ಮಾರಾಟವಾದದ್ದು ಹೆಚ್ಚಾಗಿ ಇದರ ನಕಲುಗಳು. ತೈವಾನ್, ಹಾಂಗ್‌ಕಾಂಗ್, ಚೀನಾಗಳ ಕಾರ್ಖಾನೆಗಳು ಅವನ್ನು ಬಗೆಬಗೆಯ ಹೆಸರಿನಲ್ಲಿ ಲೋಕಕ್ಕೆಲ್ಲ ಹಂಚಿದವು. ರಷ್ಯಾದಲ್ಲಿ ಅದರ ಹೆಸರು ಡೆಂಡಿ, ಪೋಲೆಂಡಿನಲ್ಲಿ ಪೆಗಾಸಸ್. ಆ ದೇಶಗಳ ಒಂದು ತಲೆಮಾರಿಗೆ ವಿಡಿಯೋ ಗೇಮ್ ಎಂದರೆ ಅದೇ, ನಮ್ಮಲ್ಲಿದ್ದಂತೆ.

ಹಳದಿ ಕ್ಯಾಸೆಟ್ಟಿನ ಮೇಲೆ '9999 ಇನ್ 1' ಎಂದಿರುತ್ತಿತ್ತು. ಒಳಗೆ ಹೋದರೆ ಅದೇ ಕಾಂಟ್ರಾ, ಅದೇ ಮಾರಿಯೋ, ಅದೇ ಟ್ಯಾಂಕು, ಅದೇ ಬಾತುಕೋಳಿ ಬೇಟೆ. ಒಂದೇ ಆಟ ಬೇರೆ ಬೇರೆ ಹೆಸರಿನಲ್ಲಿ, ಒಮ್ಮೆ ಎರಡನೇ ಹಂತದಿಂದ, ಒಮ್ಮೆ ಐದನೇ ಹಂತದಿಂದ ಶುರುವಾಗಿ ಪಟ್ಟಿ ಉದ್ದವಾಗುತ್ತಿತ್ತು.

ಅಸಲಿ ಯಂತ್ರದ ಮಿದುಳಿನ ವೇಗ ಸೆಕೆಂಡಿಗೆ ಸುಮಾರು 18 ಲಕ್ಷ ಮಿಡಿತ. ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಇಷ್ಟರಲ್ಲೇ ಮುಗಿಸಬೇಕಾದ್ದರಿಂದ ಆಟ ಬರೆದವರು ಒಂದೊಂದು ಚುಕ್ಕೆಯನ್ನೂ ಅಳೆದು ಸುರಿದರು. ಮಾರಿಯೋದಲ್ಲಿ ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಒಮ್ಮೆ ಗಮನಿಸಿ ನೋಡಿ: ಆಕಾರ ಒಂದೇ, ಬಣ್ಣ ಮಾತ್ರ ಬೇರೆ.

ನಕಲು ತಯಾರಿಸಿದವರು ಹಲವು ಚಿಪ್‌ಗಳ ಕೆಲಸವನ್ನು ಒಂದಕ್ಕೇ ಒಪ್ಪಿಸಿದರು. ಅಗ್ಗದ ಮಾದರಿಗಳಲ್ಲಿ ಆ ಚಿಪ್ಪಿನ ಮೇಲೆ ಕರೀ ಅಂಟು ಸುರಿದು ಮುಚ್ಚಿರುತ್ತಾರೆ. ಬೋರ್ಡ್ ಬಿಚ್ಚಿದರೆ ಕಾಣುವ ಆ ಕರೀ ಗುಳ್ಳೆ ಸುಟ್ಟರೆ ರಿಪೇರಿ ಇಲ್ಲ. ಉಳಿದದ್ದಕ್ಕೆಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಪಾರ್ಟ್ ಸಿಗುತ್ತದೆ.

ಊದಿದರೆ ಸರಿಹೋಗುತ್ತಿತ್ತೇ?

ಗೇಮ್ ಬರದಿದ್ದರೆ ಕ್ಯಾಸೆಟ್ ತೆಗೆದು ಬಾಯಲ್ಲಿ ಊದುವುದು ಎಲ್ಲ ಮಕ್ಕಳಿಗೂ ಗೊತ್ತಿದ್ದ ಮದ್ದು. ನಿಜಕ್ಕೂ ಕೆಲಸ ಮಾಡುತ್ತಿದ್ದದ್ದು ಉಸಿರಲ್ಲ, ತೆಗೆದು ಮತ್ತೆ ಹಾಕುವ ಕ್ರಿಯೆ. ಫ್ಯಾಮಿಕಾಮ್ ಮಾದರಿಯ ಕ್ಯಾಸೆಟ್ಟಿನ ಅಂಚಿನಲ್ಲಿ 60 ಲೋಹದ ಪಟ್ಟಿಗಳಿವೆ. ಅವುಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೂ ಪರದೆ ತುಂಬ ಗೊಂದಲ. ಮತ್ತೆ ತುರುಕಿದಾಗ ಉಜ್ಜಿಕೊಂಡು ಹೇಗೋ ತಾಗುತ್ತಿತ್ತು. ಊದಿದ ಉಸಿರಿನ ತೇವ ಮಾತ್ರ ವರ್ಷಗಟ್ಟಲೆ ಆ ಲೋಹವನ್ನು ಕೆಡಿಸುತ್ತ ಬಂತು. ಈಗಿನವರು ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ಹಚ್ಚಿ ಒರೆಸುತ್ತಾರೆ. ಹತ್ತಿ ಕಪ್ಪಾಗುವುದು ನಿಂತರೆ ಪಟ್ಟಿ ಸ್ವಚ್ಛವಾಯಿತೆಂದು ಲೆಕ್ಕ.

ಎರಡನೇ ಶತ್ರು ಕೆಪಾಸಿಟರ್. ವಿದ್ಯುತ್ತನ್ನು ಹಿಡಿದಿಟ್ಟು ಹದವಾಗಿ ಬಿಡುವ ಈ ಪುಟ್ಟ ಡಬ್ಬಿಗಳೊಳಗೆ ಒಂದು ಬಗೆಯ ದ್ರವ ಇರುತ್ತದೆ. ಕಾಲ ಕಳೆದಂತೆ ಅದು ಒಣಗುತ್ತದೆ, ಇಲ್ಲವೇ ಸೋರಿ ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ಸೆಗಾ ಕಂಪನಿ 1990ರಲ್ಲಿ ತಂದ 'ಗೇಮ್ ಗೇರ್' ಎಂಬ ಕೈಯಾಟದ ಯಂತ್ರ ಈ ಕಾಯಿಲೆಗೆ ಕುಖ್ಯಾತ. ಪರದೆ ಮಂಕಾಗುತ್ತದೆ, ಧ್ವನಿ ಕ್ಷೀಣಿಸುತ್ತದೆ, ಆಮೇಲೆ ಪೂರಾ ಮೌನ. ಹಳೆಯವನ್ನು ಒಂದೊಂದಾಗಿ ಕಿತ್ತು ಹೊಸದನ್ನು ಬೆಸೆಯುವುದೇ ಚಿಕಿತ್ಸೆ.

ಮೂರನೆಯದು ಬ್ಯಾಟರಿ. 1987ರಲ್ಲಿ ಅಮೆರಿಕಕ್ಕೆ ಬಂದ 'ಜೆಲ್ಡಾ'ದಂಥ ಆಟಗಳ ಕ್ಯಾಸೆಟ್ಟಿನೊಳಗೆ ಒಂದು ಬಟನ್ ಸೆಲ್ ಇರುತ್ತಿತ್ತು. ಎಲ್ಲಿಯವರೆಗೆ ಆಡಿದ್ದೇವೆ ಎಂಬ ನೆನಪು ಅದರ ಶಕ್ತಿಯ ಮೇಲೇ ನಿಂತಿರುತ್ತಿತ್ತು. 1996ರ ಮೊದಲ 'ಪೋಕೆಮಾನ್' ಕ್ಯಾಸೆಟ್ಟುಗಳಲ್ಲೂ ಹಾಗೆಯೇ. ಸೆಲ್ ಸತ್ತರೆ ಆಟ ಆಡಬಹುದು, ಬಾಲ್ಯದಲ್ಲಿ ಹಿಡಿದು ಬೆಳೆಸಿದ ಪ್ರಾಣಿಗಳೆಲ್ಲ ಹೋದಂತೆ. ಆದ್ದರಿಂದ ಬಲ್ಲವರು ಮೊದಲು ಆ ನೆನಪನ್ನು ಕಂಪ್ಯೂಟರಿಗೆ ನಕಲಿಸಿಕೊಂಡು, ಆಮೇಲೆ ಸೆಲ್ ಬದಲಿಸಿ, ನೆನಪನ್ನು ವಾಪಸ್ ತುಂಬುತ್ತಾರೆ.

ಹೊರಮೈಯ ಬಿಳಿ ಪ್ಲಾಸ್ಟಿಕ್ ಹಳದಿಯಾಗುವುದು ಬಿಸಿಲು, ಗಾಳಿ, ಶಾಖಗಳ ಪರಿಣಾಮ. 2008ರ ಸುಮಾರಿಗೆ ಹವ್ಯಾಸಿಗಳೇ ಇದಕ್ಕೊಂದು ಉಪಾಯ ಕಂಡುಕೊಂಡರು: ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಡುವುದು. ಹಳದಿ ಇಳಿಯುತ್ತದೆ, ಆದರೆ ಕೆಲವು ವರ್ಷಗಳಲ್ಲಿ ಮರಳಿ ಬರುವುದೂ ಉಂಟು.

ನಗುವ ನಾಯಿಯ ಗುಟ್ಟು

ಹುಲ್ಲಿನ ಮರೆಯಿಂದ ಬಾತುಕೋಳಿ ಹಾರುತ್ತದೆ. ಗುರಿ ತಪ್ಪಿದರೆ ಬೇಟೆನಾಯಿ ಎದ್ದು ನಿಂತು ಬಾಯಿಗೆ ಕೈ ಇಟ್ಟು ನಗುತ್ತದೆ. 1984ರ 'ಡಕ್ ಹಂಟ್' ಆಟದ ಆ ನಾಯಿಯ ಮೇಲೆ ಸಿಟ್ಟಾಗಿ ಗುಂಡು ಹಾರಿಸದ ಮಕ್ಕಳಿಲ್ಲ. ಮನೆಯ ಆಟದಲ್ಲಿ ಅದಕ್ಕೆ ಗುಂಡು ತಾಗುವುದೇ ಇಲ್ಲ.

ಪ್ಲಾಸ್ಟಿಕ್ ಗನ್ನಿನಿಂದ ಟಿವಿಗೆ ಏನೋ ಹೋಗುತ್ತದೆ ಎಂದೇ ಅಂದು ಎಲ್ಲರೂ ತಿಳಿದಿದ್ದು. ನಡೆಯುವುದು ತದ್ವಿರುದ್ಧ. ಗನ್ನಿನ ತುದಿಯಲ್ಲಿರುವುದು ಬೆಳಕನ್ನು ಗುರುತಿಸುವ ಕಣ್ಣು. ಕುದುರೆ ಒತ್ತಿದ ಕೂಡಲೇ ಇಡೀ ಪರದೆ ಒಂದು ಕ್ಷಣ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಗನ್ನಿನ ಕಣ್ಣಿಗೆ ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ತಾಗಿತು. ಎರಡು ಹಕ್ಕಿಗಳಿದ್ದರೆ ಒಂದಾದ ಮೇಲೊಂದು ಚೌಕ ಮೂಡುತ್ತದೆ. ಯಾವಾಗ ಬೆಳಕು ಕಂಡಿತು ಎಂಬುದರಿಂದ ಬಿದ್ದ ಹಕ್ಕಿ ಯಾವುದೆಂದು ಗೊತ್ತಾಗುತ್ತದೆ. ಮೊದಲು ಕತ್ತಲು ಕಾಣಬೇಕೆಂಬ ಷರತ್ತು ಕಳ್ಳಾಟಕ್ಕೆ ತಡೆ: ಟ್ಯೂಬ್‌ಲೈಟ್ ಕಡೆಗೆ ಗನ್ ಹಿಡಿದರೆ ಎಣಿಕೆಗೆ ಬರುವುದಿಲ್ಲ.

ಇದೆಲ್ಲ ಮುಗಿಯುವುದು ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ. ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬು ಸಿಗ್ನಲ್ ಬಂದ ಹಾಗೆಯೇ, ಸಾಲಿನ ಮೇಲೆ ಸಾಲಾಗಿ ಚಿತ್ರ ಬರೆಯುತ್ತದೆ, ತಡ ಎಂಬುದಿಲ್ಲ. ಈಗಿನ ಚಪ್ಪಟೆ ಟಿವಿ ಬಂದ ಚಿತ್ರವನ್ನು ಮೊದಲು ಹಿಡಿದಿಟ್ಟು, ಹಿಗ್ಗಿಸಿ, ತಿದ್ದಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಗನ್ನಿನ ಕಣ್ಣು ನೋಡಿ ಮುಗಿಸಿರುತ್ತದೆ. ಹಾಗಾಗಿ ಎಷ್ಟೇ ಚೆನ್ನಾಗಿ ಗುರಿ ಹಿಡಿದರೂ ಹೊಸ ಟಿವಿಯಲ್ಲಿ ಒಂದು ಹಕ್ಕಿಯೂ ಬೀಳುವುದಿಲ್ಲ. ನಾಯಿ ನಗುತ್ತಲೇ ಇರುತ್ತದೆ. ಆಟದ ಅರ್ಧ ಭಾಗ ಟಿವಿಯೊಳಗೇ ಇತ್ತು ಎಂಬುದು ಗೊತ್ತಾಗುವುದು ಇಲ್ಲಿ.

ಇನ್ನೊಂದು ಸಂಗತಿ ನಮ್ಮಲ್ಲಿ ಹಲವರಿಗೆ ಗೊತ್ತೇ ಇರಲಿಲ್ಲ. ಒಂದೇ ಹಕ್ಕಿ ಹಾರುವ ಆಟದಲ್ಲಿ ಮತ್ತೊಬ್ಬರು ಇನ್ನೊಂದು ರಿಮೋಟ್ ಹಿಡಿದು ಹಕ್ಕಿಯನ್ನು ಬೇಕಾದ ಕಡೆಗೆ ಹಾರಿಸಬಹುದು. ತಮ್ಮ ಗನ್ ಹಿಡಿದರೆ ಅಕ್ಕ ಹಕ್ಕಿಯಾಗಬಹುದಿತ್ತು.

ಬೆಕ್ಕಿಗೆ ಕೇಳುವುದು, ನಾಯಿಗೆ ಕಾಣುವುದು

ಡಬ್ಬಾ ಟಿವಿಯ ಮೇಲೆ ಬೆಕ್ಕು ಮಲಗುವುದಕ್ಕೆ ಕಾರಣ ಸರಳ: ಅದರ ನೆತ್ತಿ ಬೆಚ್ಚಗಿರುತ್ತದೆ, ಅಗಲವಾಗಿರುತ್ತದೆ, ಕೂತರೆ ಇಡೀ ಕೋಣೆ ಕಾಣುತ್ತದೆ. ಟಿವಿ ಚಪ್ಪಟೆಯಾಗಿ ಗೋಡೆ ಹತ್ತಿದ ಮೇಲೆ ಬೆಕ್ಕುಗಳಿಗೆ ಆ ಜಾಗ ತಪ್ಪಿತು. ರೆಟ್ರೋ ಹವ್ಯಾಸಿಗಳ ಮನೆಯಲ್ಲಿ ಅದು ಮರಳಿ ಸಿಕ್ಕಿದೆ.

ಆ ಟಿವಿ ಮನುಷ್ಯರಿಗೆ ಇರುವಂತೆ ಪ್ರಾಣಿಗಳಿಗೆ ಇರುವುದಿಲ್ಲ. ಭಾರತದ ಹಳೆಯ ಟಿವಿ ಪದ್ಧತಿಯಲ್ಲಿ ಪರದೆಯ ಮೇಲೆ ಸೆಕೆಂಡಿಗೆ 15,625 ಸಾಲುಗಳು ಮೂಡುತ್ತವೆ. ಅದೇ ಲಯದಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಕಂಪಿಸಿ ಸಣ್ಣಗೆ ಕೀಂಯ್‌ಗುಡುತ್ತದೆ. ಮಕ್ಕಳಿಗೆ ಅದು ಕೇಳುತ್ತದೆ. ವಯಸ್ಸಾದಂತೆ ಕಿವಿ ಎತ್ತರದ ಸ್ವರಗಳನ್ನು ಕಳೆದುಕೊಳ್ಳುವುದರಿಂದ ದೊಡ್ಡವರಲ್ಲಿ ಅನೇಕರಿಗೆ ಕೇಳುವುದಿಲ್ಲ. ಮನುಷ್ಯರ ಕಿವಿಯ ಮಿತಿ ಹೆಚ್ಚೆಂದರೆ 20,000 ಹರ್ಟ್ಸ್; ನಾಯಿಯದು 40,000 ದಾಟುತ್ತದೆ, ಬೆಕ್ಕಿನದು 60,000ಕ್ಕೂ ಮೇಲೆ. ನಿಶ್ಶಬ್ದ ಎಂದು ನಾವು ಅಂದುಕೊಂಡ ಟಿವಿಯ ಸದ್ದು ಅವುಗಳಿಗೆ ಸ್ಪಷ್ಟ. ಆದರೂ ಬೆಕ್ಕು ಮೇಲೆ ಹೋಗಿ ಮಲಗುತ್ತದೆ ಎಂದರೆ ಆ ಬೆಚ್ಚನೆಗೆ ಅದು ಎಷ್ಟು ಬೆಲೆ ಕೊಡುತ್ತದೆ ಎಂದು ಊಹಿಸಬಹುದು.

ನಾಯಿಯ ವಿಷಯ ಬೇರೆ. ನಮ್ಮ ಟಿವಿಯ ಚಿತ್ರ ಸೆಕೆಂಡಿಗೆ 50 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಅದು ಹೆಚ್ಚುಕಡಿಮೆ ನಿಂತ ಬೆಳಕಿನಂತೆ ಕಾಣುತ್ತದೆ. ನಾಯಿಯ ಕಣ್ಣು ಸೆಕೆಂಡಿಗೆ 70ಕ್ಕೂ ಹೆಚ್ಚು ಮಿನುಗನ್ನು ಬಿಡಿಬಿಡಿಯಾಗಿ ಹಿಡಿಯಬಲ್ಲದು. ಅದಕ್ಕೆ ಡಬ್ಬಾ ಟಿವಿ ಎಂದರೆ ಬಡಬಡನೆ ಹತ್ತಿ ಆರುವ ದೀಪ. ಹಳೆ ಟಿವಿಗೆ ಬೆನ್ನು ಹಾಕಿ ಮಲಗುವ ನಾಯಿ ಹೊಸ ಟಿವಿಯಲ್ಲಿ ಬೇರೆ ನಾಯಿ ಕಂಡರೆ ಬೊಗಳುವುದಕ್ಕೆ ಇದೂ ಒಂದು ಕಾರಣ.

ಚಾಲೂ ಇರುವ ಪಿಕ್ಚರ್ ಟ್ಯೂಬಿನ ಗಾಜಿನ ಮೇಲೆ ಸ್ಥಾಯೀ ವಿದ್ಯುತ್ ಕೂಡುತ್ತದೆ. ಅದು ಧೂಳನ್ನೂ ಉದುರಿದ ಕೂದಲನ್ನೂ ಎಳೆದು ಅಂಟಿಸಿಕೊಳ್ಳುತ್ತದೆ. ಬೆಕ್ಕಿರುವ ಮನೆಯ ಗೇಮ್ ಬಿಚ್ಚಿದರೆ ಕ್ಯಾಸೆಟ್ ತೂರಿಸುವ ಸಂದಿಯಲ್ಲಿ ಮೊದಲು ಸಿಗುವುದು ಕೂದಲೇ. ಆಟ ಮುಗಿದ ಮೇಲೆ ಆ ಸಂದಿಗೊಂದು ಬಟ್ಟೆ ಮುಚ್ಚಿಟ್ಟರೆ ಅರ್ಧ ತೊಂದರೆ ತಪ್ಪಿತು.

ಮೇಜಿನ ಮೇಲಿನದು ಕೆಳಗೆ ಬೀಳಬಾರದು

ಪ್ರಾಣಿಗಳಿರುವ ಮನೆಯಲ್ಲಿ ಈ ಕೆಲಸಕ್ಕೆ ಶಿಸ್ತು ಬೇಕು. ಹಳೆ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರುತ್ತದೆ. ನೆಲಕ್ಕೆ ಬಿದ್ದ ಹನಿ ಬೆಕ್ಕಿನ ಪಂಜಕ್ಕೆ ಅಂಟುತ್ತದೆ, ಬೆಕ್ಕು ಪಂಜ ನೆಕ್ಕುತ್ತದೆ. ಬಟನ್ ಸೆಲ್ ನುಂಗಿದ ನಾಯಿಯ ಅನ್ನನಾಳ ಕೆಲವೇ ಗಂಟೆಗಳಲ್ಲಿ ಸುಡುತ್ತದೆ, ಕಾಯುತ್ತ ಕೂರದೆ ಪಶುವೈದ್ಯರಲ್ಲಿಗೆ ಓಡಬೇಕು. ಆಲ್ಕೋಹಾಲ್ ಬಾಟಲಿ, ಪೆರಾಕ್ಸೈಡ್ ಬಳಿದ ಡಬ್ಬ ಮುಚ್ಚಿಯೇ ಇರಬೇಕು. ಹಕ್ಕಿ ಸಾಕಿದವರಂತೂ ಬೆಸುಗೆಯ ಹೊಗೆ ಪಂಜರದ ಕೋಣೆಗೆ ಹೋಗದಂತೆ ನೋಡಿಕೊಳ್ಳಬೇಕು, ಅವುಗಳ ಶ್ವಾಸಕೋಶ ಬಹಳ ನಾಜೂಕು.

ಮನುಷ್ಯರಿಗೇ ದೊಡ್ಡ ಅಪಾಯ ಟಿವಿಯೊಳಗಿದೆ. ಬಣ್ಣದ ಪಿಕ್ಚರ್ ಟ್ಯೂಬು 20,000 ವೋಲ್ಟಿಗೂ ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಗೇಮ್ ಬಿಚ್ಚುವುದನ್ನು ಯಾರು ಬೇಕಾದರೂ ಕಲಿಯಬಹುದು, ಟಿವಿ ಬಿಚ್ಚುವುದನ್ನು ಹಳಬ ಟಿವಿ ಮೆಕ್ಯಾನಿಕ್‌ಗೆ ಬಿಡುವುದು ಕ್ಷೇಮ.

ಪೆಟ್ಟಿಗೆಯೊಳಗೆ ಸಾಕಿದ ಪ್ರಾಣಿ

ಹಳೆ ಯಂತ್ರಗಳಿಗೂ ಸಾಕುಪ್ರಾಣಿಗಳಿಗೂ ನಂಟು ಬೇರೆ ರೀತಿಯಲ್ಲೂ ಇದೆ. 1980ರ ದಶಕದಲ್ಲಿ ಜಪಾನಿನಲ್ಲಿ 'ನೆಕೊ' ಎಂಬ ಪುಟ್ಟ ಪ್ರೋಗ್ರಾಂ ಹುಟ್ಟಿತು. ಕಂಪ್ಯೂಟರ್ ಪರದೆಯ ಮೇಲೆ ಬಾಣ ಹೋದಲ್ಲಿಗೆ ಒಂದು ಬೆಕ್ಕು ಓಡಿ ಬರುತ್ತದೆ. ಬಾಣ ನಿಂತರೆ ಮೈ ಕೆರೆದು, ಆಕಳಿಸಿ, ಮಲಗುತ್ತದೆ. ಬೇರೇನೂ ಮಾಡುವುದಿಲ್ಲ.

1996ರ ನವೆಂಬರಿನಲ್ಲಿ ಬಂದ 'ತಮಗೋಚಿ' ಮೊಟ್ಟೆಯಾಕಾರದ ಆಟಿಕೆ. ಅದರ ಪರದೆಯಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16 ಚುಕ್ಕೆ, ಅಷ್ಟೇ. ಅದರೊಳಗೊಂದು ಜೀವಿ, ಊಟ ಹಾಕದಿದ್ದರೆ, ಗಲೀಜು ಬಳಿಯದಿದ್ದರೆ ಅದು ಸಾಯುತ್ತದೆ. ಜನರ ಲಕ್ಷಾಂತರ ಗಂಟೆಗಳ ದುಡಿಮೆಯನ್ನು ಕಾಲ್ಪನಿಕ ಪ್ರಾಣಿಯ ಸಾಕಣೆಯ ಕಡೆ ತಿರುಗಿಸಿದ್ದಕ್ಕಾಗಿ ಅದನ್ನು ರೂಪಿಸಿದ ಅಕಿ ಮೈತಾ ಮತ್ತು ಅಕಿಹಿರೊ ಯೊಕೊಯಿ ಅವರಿಗೆ 1997ರಲ್ಲಿ ಅರ್ಥಶಾಸ್ತ್ರದ ಇಗ್ ನೊಬೆಲ್ ಎಂಬ ಹಾಸ್ಯ ಪ್ರಶಸ್ತಿಯೂ ಸಿಕ್ಕಿತು. ಮಾರಿಯೋ ಸೃಷ್ಟಿಸಿದ ಶಿಗೆರು ಮಿಯಾಮೊಟೊ ಅವರ ಮನೆಗೆ ಒಂದು ನಾಯಿ ಬಂದದ್ದೇ 2005ರ 'ನಿಂಟೆಂಡಾಗ್ಸ್' ಆಟಕ್ಕೆ ಪ್ರೇರಣೆ. ಯಂತ್ರದ ಮೈಕಿನಲ್ಲಿ ಹೆಸರು ಕರೆದರೆ ಪರದೆಯ ನಾಯಿಮರಿ ಕಿವಿ ನಿಮಿರಿಸಿ ಓಡಿ ಬರುತ್ತಿತ್ತು.

ಸತ್ತ ಯಂತ್ರದೊಳಗೆ ಜೀವಂತ ಪ್ರಾಣಿ ಸಾಕಿದವರೂ ಇದ್ದಾರೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಅಂಕಣಕಾರ ಆ್ಯಂಡಿ ಇನಾಟ್ಕೊ ಹಳೆ ಮ್ಯಾಕಿಂಟೋಷ್ ಕಂಪ್ಯೂಟರಿನ ಹೊಟ್ಟೆ ಖಾಲಿ ಮಾಡಿ ಮೀನಿನ ತೊಟ್ಟಿ ಕಟ್ಟುವ ನಕ್ಷೆ ಪ್ರಕಟಿಸಿದರು. 'ಮ್ಯಾಕ್ವೇರಿಯಂ' ಎಂದು ಅದು ಪ್ರಸಿದ್ಧವಾಯಿತು. ಆಮೇಲೆ ಡಬ್ಬಾ ಟಿವಿಯ ಕವಚಗಳು ಬೆಕ್ಕಿನ ಹಾಸಿಗೆಗಳಾದವು. ಹವ್ಯಾಸಿಗಳು ಇದಕ್ಕೆ ಒಂದೇ ಮಾತು ಸೇರಿಸುತ್ತಾರೆ: ಇನ್ನೂ ಚಿತ್ರ ಬರುವ ಟಿವಿಯ ಹೊಟ್ಟೆ ಮಾತ್ರ ಬಗೆಯಬೇಡಿ.

ಅನುಕರಿಸುವ ಯಂತ್ರಗಳು

ಯಂತ್ರ ಇಲ್ಲದವರಿಗೆ ದಾರಿ ಎಮ್ಯುಲೇಟರ್: ಹಳೆ ಯಂತ್ರದಂತೆ ನಟಿಸುವ ಪ್ರೋಗ್ರಾಂ. ಇಟಲಿಯ ನಿಕೊಲಾ ಸಾಲ್ಮೊರಿಯಾ 1997ರಲ್ಲಿ ಶುರುಮಾಡಿದ 'ಮೇಮ್' ಇಂದು ಸಾವಿರಾರು ಹಳೆ ನಾಣ್ಯದ ಆಟಗಳನ್ನು ಓಡಿಸುತ್ತದೆ. 2012ರಲ್ಲಿ ಬ್ರಿಟನ್ನಿನಲ್ಲಿ ಬಂದ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈಯನ್ನು ಪ್ಲೈವುಡ್ ಪೆಟ್ಟಿಗೆಯೊಳಗೆ ಕೂರಿಸಿ ಮನೆಯಲ್ಲೇ ಆರ್ಕೇಡ್ ಕಟ್ಟುವುದು ಈಗ ಈ ಹವ್ಯಾಸದ ಮೊದಲ ಪಾಠ. ಅದಕ್ಕೂ ಮುಂದೆ ಹೋದವರು, ಒಳಗಿನ ಸರ್ಕಿಟ್ಟನ್ನೇ ಬೇಕಾದಂತೆ ಜೋಡಿಸಿಕೊಳ್ಳುವ ಎಫ್‌ಪಿಜಿಎ ಚಿಪ್ಪಿನಲ್ಲಿ ಹಳೆ ಯಂತ್ರದ ಸರ್ಕಿಟ್ಟನ್ನು ಮರುನಿರ್ಮಿಸುತ್ತಾರೆ. ಅಲ್ಲಿ ನಟನೆಯ ತಡ ಬಹಳ ಕಡಿಮೆ.

ಆಟಗಳ ಹಕ್ಕು ಕಂಪನಿಗಳ ಬಳಿಯೇ ಇದೆ. ಎಮ್ಯುಲೇಟರ್ ಇದೆಯೆಂದು ಆಟದ ಫೈಲನ್ನು ಎಲ್ಲಿಂದಲೋ ಇಳಿಸಿಕೊಳ್ಳುವುದು ಕಾನೂನಿನ ಪ್ರಕಾರ ಬೇರೆಯೇ ಪ್ರಶ್ನೆ. ಹಕ್ಕುದಾರರು ಮಾರುತ್ತಿದ್ದರೆ ಸುಲಭವಿತ್ತು. 2023ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ನಡೆಸಿದ ಅಧ್ಯಯನದಂತೆ, ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದೇ ಇಲ್ಲ. ಕಂಪನಿಗಳೇ ಮರೆತದ್ದನ್ನು ಹವ್ಯಾಸಿಗಳು ನೆನಪಿಟ್ಟಿದ್ದಾರೆ.

ಹಳೆಯದನ್ನು ಕಾಯುವುದಷ್ಟೇ ಅವರ ಕೆಲಸವೂ ಅಲ್ಲ. 2019ರಲ್ಲಿ 'ಮೈಕ್ರೋ ಮೇಜಸ್' ಎಂಬ ಹೊಚ್ಚ ಹೊಸ ಆಟ ಎನ್‌ಇಎಸ್‌ಗಾಗಿಯೇ ಬಂತು. ನಾಲ್ಕು ಮಂದಿ ಒಟ್ಟಿಗೆ ಆಡಬಹುದಾದ ಅದನ್ನು ಮಾಡಿದವರು ಮಾರಿಯೋದ ಅದೇ 40 ಕಿಲೋಬೈಟ್ ಮಿತಿಯನ್ನು ತಾವಾಗಿ ಹಾಕಿಕೊಂಡರು.

ಅಟ್ಟದಲ್ಲಿ ಒಂದಿದ್ದರೆ

ನಿಮ್ಮ ಅಟ್ಟದಲ್ಲೂ ಹಳೆ ಟಿವಿ ಗೇಮ್ ಇದ್ದರೆ ತಕ್ಷಣ ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಬೇಡಿ. ಅಸಲಿ ಫ್ಯಾಮಿಕಾಮ್‌ಗೆ 10 ವೋಲ್ಟ್ ಡಿಸಿ ಬೇಕು, ಪಿನ್ನಿನ ನಡುವೆ ಮೈನಸ್. ನಕಲುಗಳಲ್ಲಿ ಒಂದೊಂದರದು ಒಂದೊಂದು ಲೆಕ್ಕ. ಪೆಟ್ಟಿಗೆಯ ಕೆಳಗಿನ ಚೀಟಿ ಓದಿ, ಮಲ್ಟಿಮೀಟರಿನಲ್ಲಿ ನೋಡಿ, ಆಮೇಲೆ ಸ್ವಿಚ್ ಹಾಕಿ. ರಿಮೋಟ್‌ಗಳಲ್ಲಿ ಬ್ಯಾಟರಿ ಇದ್ದರೆ ಮೊದಲು ತೆಗೆಯಿರಿ.

ಡಬ್ಬಾ ಟಿವಿ ಕೆಟ್ಟಿದ್ದರೆ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ, ಅದರ ಗಾಜಿನಲ್ಲಿ ಸೀಸವಿದೆ. ಒಡೆಯುವುದೂ ಸುಡುವುದೂ ಕೂಡದು. ಚಿತ್ರ ಬರುತ್ತಿದ್ದರೆ ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವ ಮುನ್ನ ಯಾರಾದರೂ ಹವ್ಯಾಸಿಯನ್ನು ಕೇಳಿ. ಇಂಥ ಟಿವಿಗಳನ್ನು ಈಗ ಹೊಸದಾಗಿ ಯಾರೂ ತಯಾರಿಸುವುದಿಲ್ಲ, ಹಾಗಾಗಿ ಇರುವವುಗಳಲ್ಲಿ ಒಂದು ಒಡೆದರೆ ಲೆಕ್ಕದಲ್ಲಿ ಒಂದು ಕಡಿಮೆಯಾದಂತೆ. ಕ್ಯಾಸೆಟ್ಟಿನೊಳಗಿನ ಆಟ ಎಲ್ಲಿಂದಲಾದರೂ ಮತ್ತೆ ಸಿಕ್ಕೀತು. ಗನ್ನಿಗೆ ಹಕ್ಕಿ ಬೀಳಬೇಕೆಂದರೆ ಟಿವಿಯೇ ಬೇಕು.